ಅತ್ತೆಯ ಎದೆಗೆ ಬಳಿದ ರವಿಕೆ

ಈಗಲೂ ಆ ವಿಷಯ ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅರವತ್ತರ ದಶಕ, ಯಲಹಂಕದ ನಮ್ಮ ಹಳೆಯ ಮನೆ. ಅತ್ತೆ ಎಂದರೆ ಅಪ್ಪನ ತಂಗಿ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಹೆಬ್ಬಾಳದ ಕಡೆ ನಮಗಿದ್ದ ದ್ರಾಕ್ಷಿ ತೋಟದ ಕೆಲಸವೆಲ್ಲ ಅವಳ ತಲೆ ಮೇಲೆ.

ನಾನು ಪ್ರೈಮರಿ ಸ್ಕೂಲಿಗೆ ಪಾಠ ಹೇಳಲು ಸೇರಿದ ವರ್ಷ ಅವಳ ಎಡ ಮೊಲೆಯಲ್ಲಿ ಗಂಟು ಕಾಣಿಸಿಕೊಂಡಿತು. ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮೊಲೆಯನ್ನೇ ತೆಗೆದರು. ಅವಳೇನೋ ಬದುಕಿ ಬಂದಳು. ಮನೆಯವರಿಗೆ ಮಾತ್ರ ಅವಳು ಬೇಡದವಳಾದಳು. ಹಬ್ಬದ ಎಣ್ಣೆಸ್ನಾನಕ್ಕೆ ನಮ್ಮ ಮನೆಯ ಹೆಂಗಸರು ಒಬ್ಬರ ಮೈಗೊಬ್ಬರು ಎಣ್ಣೆ ತಿಕ್ಕುವುದು ರೂಢಿ. ಆ ದೀಪಾವಳಿ ಅತ್ತೆ ಎಣ್ಣೆಬಟ್ಟಲು ಹಿಡಿದು ಬಚ್ಚಲಲ್ಲಿ ಕಾದಳು. ಅಮ್ಮನಿಗೆ ಒಲೆ ಮೇಲಿನ ಪಾತ್ರೆ ನೆನಪಾಯಿತು, ಚಿಕ್ಕಮ್ಮನಿಗೆ ತಲೆನೋವು ಬಂತು. ಕೊನೆಗೆ ಅವಳಿಗೆ ಎಣ್ಣೆ ತಿಕ್ಕಿದವರು ಅವಳ ಅಣ್ಣನ ಮಗಳಾದ ನಾನು ಮತ್ತು ಹೊರಗಿನ ಕೋಣೆಯಲ್ಲಿ ಬಾಡಿಗೆಗಿದ್ದ ಡ್ರಾಯಿಂಗ್ ಟೀಚರಮ್ಮ.

ಆ ಟೀಚರ್ ಮನುಷ್ಯರನ್ನು ಇದ್ದದ್ದು ಇದ್ದ ಹಾಗೆ ಬರೆಯುವವರು. ಬಿರಿದ ಹಿಮ್ಮಡಿ, ಜೋತುಬಿದ್ದ ಹೊಟ್ಟೆ, ಸಿಡುಬಿನ ಕಲೆ, ಯಾವುದನ್ನೂ ಬಿಡುತ್ತಿರಲಿಲ್ಲ. ಬಚ್ಚಲಿಂದ ಹೊರಬಂದ ಮೇಲೆ ಅತ್ತೆಯನ್ನು ಅಳುಕುತ್ತಲೇ ಕೇಳಿದರು, "ನಿಮ್ಮನ್ನ ಬಚ್ಚಲಲ್ಲಿ ಕಂಡ ಹಾಗೇ ಬರೀಲಾ?"

"ಬರೀರಿ ಟೀಚರಮ್ಮ. ಈ ಮನೇಲಿ ಯಾರೂ ನನ್ ಕಡೆ ತಿರುಗಿ ನೋಡಲ್ಲ. ನೀವಾದ್ರೂ ನೋಡಿ," ಅಂದಳು ಅತ್ತೆ.

ಕೋಣೆಯ ಬಾಗಿಲು ಹಾಕಿಕೊಂಡು, ನನ್ನನ್ನು ಜೊತೆಗಿರಿಸಿಕೊಂಡು, ಟೀಚರ್ ಎಣ್ಣೆಬಣ್ಣದಲ್ಲಿ ಬರೆದರು. ಬಿಸಿಲಿಗೆ ಕಪ್ಪಾದ ತೋಳು, ಇಳಿಬಿದ್ದ ಬಲ ಮೊಲೆ, ಎಡಗಡೆ ಕಂಕುಳಿನಿಂದ ಎದೆಯ ನಡುವಿನವರೆಗೆ ಹೊಲಿಗೆಯ ಗುರುತು. ಚಿತ್ರ ಮುಗಿದಾಗ ಅತ್ತೆ ತುಂಬಾ ಹೊತ್ತು ನೋಡಿದಳು. ಪೇಟೆಯ ಚಿತ್ರಪ್ರದರ್ಶನಕ್ಕೆ ಕಳಿಸಲು ಅವಳೇ ಒಪ್ಪಿಗೆ ಕೊಟ್ಟಳು.

ಸುದ್ದಿ ಅಪ್ಪನ ಕಿವಿಗೆ ಬಿತ್ತು. ಮಾನ ಹೋಯಿತಂತೆ. ಯಾರ ಮಾನ? ಆಸ್ಪತ್ರೆಯಲ್ಲಿ ತಂಗಿ ನರಳುತ್ತಿದ್ದಾಗ ಒಂದು ದಿನವೂ ಅವಳ ಪಕ್ಕ ಕೂರದವರಿಗೆ ಅದೆಲ್ಲಿತ್ತು ಮಾನ? ಚಿತ್ರವನ್ನು ಹರಿದು ಹಾಕಲು ಅವರಿಗೆ ಭಯ. ಬದುಕಿರುವವರ ಪಟ ಹರಿಯುವುದು ಅಶುಭವೆಂದು ನಂಬಿದ್ದರು. ಅದಕ್ಕೆ ನಾವು ಮೂವರೂ ತೋಟಕ್ಕೆ ಹೋಗಿದ್ದ ಭಾನುವಾರ ಯಶವಂತಪುರದಿಂದ ಸಿನಿಮಾ ಬೋರ್ಡು ಬರೆಯುವವನನ್ನು ಕರೆಸಿದರು. ಸಂಜೆ ಬಂದು ನೋಡಿದರೆ ಚಿತ್ರದಲ್ಲಿ ಅತ್ತೆಗೆ ಕೆಂಪು ರವಿಕೆ! ಅದೂ ಬರೀ ರವಿಕೆಯಲ್ಲ. ಆ ಮಹಾಶಯ ಅದರೊಳಗೆ ಸಿನಿಮಾ ನಾಯಕಿಗೆ ಇರುವಂಥ ಎರಡು ತುಂಬಿದ ಮೊಲೆಗಳನ್ನೂ ಕೂರಿಸಿದ್ದ. ಅಪ್ಪ ಜಗಲಿಯಲ್ಲಿ ಕೂತು, "ಈಗ ಲಕ್ಷಣವಾಗಿದೆ, ಎಲ್ಲಿಗ್ ಬೇಕಾದ್ರೂ ಕಳ್ಸಿ," ಅಂದರು. ನನಗೆ ಅಪ್ಪನ ಮುಖಕ್ಕೇ ಆ ಬಣ್ಣ ಬಳಿಯಬೇಕೆನ್ನಿಸಿತು.

ಅತ್ತೆ ಒಳಗೆ ಹೋಗಿ ಸೀಮೆಎಣ್ಣೆಯಲ್ಲಿ ಅದ್ದಿದ ಹಳೇ ಸೀರೆಯ ತುಂಡು ತಂದಳು. ಪಟವನ್ನು ಅಪ್ಪನ ಎದುರಿಗೇ ಒರಗಿಸಿಟ್ಟು ಒರೆಸತೊಡಗಿದಳು. ಮೇಲಿನ ಬಣ್ಣ ಇನ್ನೂ ಹಸಿಯಾಗಿತ್ತು, ಕೆಳಗಿನ ಟೀಚರ್ ಬಣ್ಣ ಎಂದೋ ಒಣಗಿತ್ತು. ರವಿಕೆ ಕರಗಿ ಜಗಲಿಗೆ ಸುರಿಯಿತು. ಅಲ್ಲಲ್ಲಿ ಮಾಸಿದರೂ ಹೊಲಿಗೆಯ ಗುರುತು ಮತ್ತೆ ಕಾಣಿಸಿತು. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು.

"ಅಣ್ಣ, ಡಾಕ್ಟ್ರು ಕತ್ತರಿಸಿದ್ದು ನಾನು ಬದುಕ್ಲಿ ಅಂತ," ಅಂದಳು ಅತ್ತೆ. "ನಾನು ಬದುಕಿದೀನಿ. ಈಗ್ಲಾದ್ರೂ ಒಂದ್ಸಲ ಈ ಕಡೆ ನೋಡು."

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದರು.