ಗುಜರಿಗೆ ಹೋಗಿ ಬಂದ ಸಾಮಾನು

ಚಿಕ್ಕಜಾಜೂರಿನ ಮರುಳಸಿದ್ದಮ್ಮ ಯಾವುದನ್ನೂ ಎಸೆದವರಲ್ಲ. ಕಡ್ಡಿ ಮುರಿದ ಕೊಡೆ, ಹಿಡಿ ಹೋದ ಬಾಣಲೆ, ಈಗಾಗಲೇ ಮೊಮ್ಮಕ್ಕಳನ್ನೂ ಕಂಡವರ ಲಗ್ನಪತ್ರಿಕೆ, ಒಂದರೊಳಗೊಂದು ತುರುಕಿದ ಪ್ಲಾಸ್ಟಿಕ್ ಕವರು, ಎಲ್ಲವೂ ಅವರ ಕೋಣೆಯಲ್ಲಿ ಸೂರು ಮುಟ್ಟಿದ್ದವು. ಒಂದು ದಿನ ಅವರು ಆ ರಾಶಿಗೇ ಎಡವಿ ಮೊಣಕಾಲು ತರಚಿಕೊಂಡಾಗ ಸೊಸೆ ಸಹನಾಳಿಗೆ ಭಯ ಹತ್ತಿತು.

ಅವಳ ಗಂಡ ತಿಪ್ಪೇಶನಿಗೆ ಭಯವಿರಲಿಲ್ಲ, ಜ್ಞಾನವಿತ್ತು. 'ಮನೆ ಖಾಲಿಯಾದರೆ ತಲೆ ಖಾಲಿ' ಎಂಬ ವಿಡಿಯೋವನ್ನು ಪೂರ್ತಿ ನೋಡಿದ್ದ. ಎರಡನೆಯದು ಮೊದಲೇ ಆಗಿತ್ತೆಂದು ಸಹನಾಳ ಗುಮಾನಿ. ತಾಯಿ ಹೊರಕೆರೆದೇವಪುರದ ದೇವಸ್ಥಾನಕ್ಕೆ ಹೋದ ದಿನ ಗುಜರಿ ಟೆಂಪೊ ಕರೆಸಿಯೇಬಿಟ್ಟ.

"ಅತ್ತೇನ ಒಂದ್ಮಾತು ಕೇಳ್ರಿ," ಎಂದಳು ಸಹನಾ.

"ಕೇಳಿದ್ರೆ ಅವ್ವ ಕೊಡ್ತಾಳೇನೆ? ಅವಳ ಒಳ್ಳೇದಕ್ಕೇ ಮಾಡ್ತಿರೋದು!"

ಸಂಜೆ ಬಂದು ಖಾಲಿ ಕೋಣೆ ಕಂಡ ಮರುಳಸಿದ್ದಮ್ಮ ಬೈಯಲಿಲ್ಲ, ಅಳಲಿಲ್ಲ, ಉಣ್ಣಲೂ ಇಲ್ಲ. ಬೆಳಗ್ಗೆ ಗುಜರಿ ಅಂಗಡಿಗೆ ಹೋಗಿ ಪೆನ್ಷನ್ ದುಡ್ಡು ಕೊಟ್ಟು ತಮ್ಮದನ್ನೆಲ್ಲ ಬಿಡಿಸಿಕೊಂಡು ಬಂದರು. ಜೊತೆಗೆ, "ಪಾಪ, ಯಾರೋ ಬಿಸಾಕವ್ರೆ" ಎಂದು ಕಂಡವರ ಮನೆಯ ತೊಟ್ಟಿಲು, ಮೂರೇ ಕಾಲಿನ ಕುರ್ಚಿ. ತಿಪ್ಪೇಶನ ಸ್ವಚ್ಛತಾ ಕಾರ್ಯದಿಂದ ಮನೆಗಾದ ನಿವ್ವಳ ಲಾಭ ಅದು. ಕೋಣೆಗೆ ಬೀಗ ಬಿತ್ತು.

ಕೆಲದಿನ ಬಿಟ್ಟು, ಅತ್ತೆ ಒಳಗಿದ್ದಾಗ, ಸಹನಾ ಕಾಫಿ ಹಿಡಿದು ಬಾಗಿಲು ತಟ್ಟಿದಳು. "ಅತ್ತೆ, ನಾನೇನೂ ಮುಟ್ಟಲ್ಲ. ನೀವು ಬೀಳದಂಗೆ ಮಂಚದ ತನಕ ದಾರಿ ಮಾಡಾಣ. ಏನು ಎಲ್ಲಿಡ್ಬೇಕು, ನೀವೇ ಹೇಳ್ರಿ."

"ಹೊರಗೆ ಟೆಂಪೊ ನಿಂತೈತಾ?"

"ಇಲ್ರಿ ಅತ್ತೆ. ಬೇಕಾದ್ರೆ ನೋಡ್ಬರ್ರಿ."

ಅತ್ತೆ ನೋಡಿಯೇ ಬಂದರು. ಆ ದಿನ ಸರಿದದ್ದು ಒಂದೇ ಕೊಡೆ. ರೈಲ್ವೆಯಲ್ಲಿದ್ದ ಯಜಮಾನರ ಕೊಡೆ. ಅದರ ಕತೆ ಮುಗಿಯುವಷ್ಟರಲ್ಲಿ ಒಲೆ ಹಚ್ಚುವ ಹೊತ್ತಾಗಿತ್ತು. ಸಹನಾ ಪೂರ್ತಿ ಕೇಳಿದಳು. ದಿನಾ ಹೀಗೇ. 'ಎಸೆಯಾಣ' ಎಂದರೆ ಸಿಡಿಯುವ ಅತ್ತೆ, 'ಯಾರಿಗೆ ಕೊಡಾಣ?' ಎಂದರೆ ಯೋಚನೆಗಿಳಿಯುತ್ತಾರೆಂದು ಅವಳಿಗೆ ತಿಳಿಯಿತು. ತೊಟ್ಟಿಲು ಕೇರಿಯ ಬಾಣಂತಿ ಅನುಷಾಳಿಗೆ ಹೋಯಿತು, ರಾಶಿಯಲ್ಲಿದ್ದ ಹಳೇ ಡಬ್ಬಿಗಳು ಎದುರುಮನೆಯ ಹನುಮಮ್ಮನಿಗೆ.

ಕೋಣೆ ಇನ್ನೂ ಖಾಲಿಯಾಗಿಲ್ಲ, ಆಗುವುದೂ ಇಲ್ಲ. ಆದರೆ ಅತ್ತೆ ಎಡವದೆ ಓಡಾಡುತ್ತಾರೆ. ಬೀಗದ ಕೈ ಸೊಸೆಗೂ ಸಿಗುತ್ತದೆ, ಮಗನಿಗಿಲ್ಲ.

ಕಷ್ಟವೀಗ ಕೇರಿಯವರಿಗೆ. ಕೊಟ್ಟದ್ದನ್ನು ಹೇಗಿಟ್ಟುಕೊಂಡಿದ್ದಾರೆಂದು ಅತ್ತೆ ತಪಾಸಣೆಗೆ ಹೊರಡುತ್ತಾರೆ. "ಲೇ ಹನುಮಿ, ಇದಕ್ಯಾಕೆ ಖಾರದಪುಡಿ ತುಂಬಿದೀಯ? ಬೆಲ್ಲದ ಡಬ್ಬಿ ಕಣೆ!"

ಹನುಮಮ್ಮ ನಿಂತ ಕಾಲಲ್ಲೇ ಖಾರದಪುಡಿ ಬೇರೆ ಡಬ್ಬಿಗೆ ಸುರಿದಳು.