ಹೊಸನಗರದ ಟೆಂಟಿನಲ್ಲಿ ಗಿಟಾರ್

ಸಾಗರದಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿದ್ದ ನನಗೆ ಸಂಗೀತಗಾರರ ಮೇಲೆ ಅಂಥ ಭಕ್ತಿಯೇನೂ ಇರಲಿಲ್ಲ. ಮೈಕು ಕೈಕೊಟ್ಟಾಗ ಮಾತ್ರ ಅವರಿಗೆ ನನ್ನ ನೆನಪಾಗುತ್ತಿತ್ತು. ಬಂದರೂ ತಪ್ಪೆಲ್ಲ ಮೈಕಿನದೇ, ಗಂಟಲಿನದು ಏನೇನೂ ಇಲ್ಲ. ಹಾಗಿದ್ದ ನಾನು ಒಬ್ಬನಿಗೆ ಮಾತ್ರ ಮನಸಾರೆ ತಲೆಬಾಗಿದೆ. ಅವನು ಲಿಂಗನಮಕ್ಕಿಯಲ್ಲಿ ಅಣೆಕಟ್ಟಿನ ಗೇಟುಗಳಿಗೆ ವೆಲ್ಡಿಂಗ್ ಮಾಡುತ್ತಿದ್ದ. ರಜೆ ಸಿಕ್ಕಾಗ ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಿದ್ದ.

ಹುಟ್ಟಿದ್ದು ಚಿನ್ನದ ಗಣಿಯ ಊರಿನಲ್ಲಿ. ಅಲ್ಲಿನ ಕ್ಲಬ್ಬಿನ ಕಿಟಕಿಯಾಚೆ ನಿಂತು ರೆಕಾರ್ಡು ಕೇಳಿ ಕೇಳಿ ರಾಕ್ ಸಂಗೀತ ಕಲಿತವನು. ಬೆಂಗಳೂರಿನ ಹೋಟೆಲುಗಳಲ್ಲಿ ಎರಡು ವರ್ಷ ಬಾರಿಸಿದ್ದ. ಉಣ್ಣುವವರು ತಟ್ಟೆಯಿಂದ ತಲೆ ಎತ್ತುವುದಿಲ್ಲ ಎಂದು ಬೇಸತ್ತು, ಅದನ್ನು ಬಿಟ್ಟು ವೆಲ್ಡಿಂಗ್ ಹಿಡಿದ. ಗಿಟಾರನ್ನು ಮಾತ್ರ ಬಿಡಲಿಲ್ಲ. ಹಲಸಿನ ಹಲಗೆ ಕೊರೆದು, ಸುಟ್ಟ ಮೋಟಾರಿನ ತಂತಿ ಸುತ್ತಿ, ಅದನ್ನು ತಾನೇ ಮಾಡಿಕೊಂಡಿದ್ದ. ಅದರ ದನಿ ಎತ್ತರಿಸಲು ಆಂಪ್ಲಿಫೈಯರ್ ಬೇಕೆಂದು ನನ್ನ ಅಂಗಡಿಗೆ ಬಂದಾಗ, ಸತ್ತ ಎರಡು ರೇಡಿಯೋಗಳ ವಾಲ್ವು ಕಿತ್ತು ಜೋಡಿಸಿಕೊಟ್ಟೆ. ಮೊದಲ ಸಲ ತಂತಿ ಮೀಟಿದಾಗ ಎದುರಿನ ಹೋಟೆಲಿನವರು ಕಾಫಿ ಲೋಟ ಹಿಡಿದುಕೊಂಡೇ ಓಡಿ ಬಂದರು. ನನಗೂ ಎದೆ ಝಲ್ಲೆಂದಿತು, ಸುಳ್ಳೇಕೆ ಹೇಳಲಿ.

ತೀರ್ಥಹಳ್ಳಿಯ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಅವನು ಬಾರಿಸಿದ ದಿನ ಹುಡುಗರು ಬೆಂಚು ಹತ್ತಿ ಕುಣಿದರು. ಅಧ್ಯಕ್ಷರಾಗಿ ಬಂದಿದ್ದ ಹಿರಿಯರು ಎರಡೂ ಕಿವಿ ಮುಚ್ಚಿಕೊಂಡಿದ್ದರು, ಮೇಜಿನ ಕೆಳಗೆ ಅವರ ಕಾಲು ತಾಳ ಹಾಕುತ್ತಿತ್ತು. ಪಕ್ಕದಲ್ಲೇ ಕೂತಿದ್ದ ನಾನು ಕಣ್ಣಾರೆ ಕಂಡೆ. ಅಷ್ಟಾದರೂ ಅವನು ಗೆದ್ದವನ ಹಾಗೆ ನಡೆದುಕೊಂಡವನಲ್ಲ. ಜನ ಕೇಳಿದರೆ ಸಾಕು ಎನ್ನುತ್ತಿದ್ದ.

ಅಣೆಕಟ್ಟಿನ ನೀರು ಏರಿ ಮನೆ ಬಿಟ್ಟವರಲ್ಲಿ ಕೆಲವರು ಹೊಸನಗರದ ಕಡೆ ಬಂದು ನೆಲೆಸಿದ್ದರು. ಅವರ ಮಕ್ಕಳ ಶಾಲೆಗೆ ಸೂರಿರಲಿಲ್ಲ. ಒಂದು ಸಹಾಯಾರ್ಥ ಪ್ರದರ್ಶನ ಇಡೋಣ ಎಂದವನು ಅವನೇ. ಆ ಊರಿಗೆ ಬಂದಿದ್ದ ಟೂರಿಂಗ್ ಟಾಕೀಸಿನ ಮಾಲೀಕರು ಭಾನುವಾರ ಮಧ್ಯಾಹ್ನಕ್ಕೆ ಟೆಂಟನ್ನೂ ಕರೆಂಟಿನ ಇಂಜಿನನ್ನೂ ಬಿಟ್ಟುಕೊಡಲು ಒಪ್ಪಿದರು.

ಜನರನ್ನು ಕರೆಯಲು ನಾವಿಬ್ಬರೂ ಮನೆ ಬಿಟ್ಟು ಬಂದವರ ಹೊಸ ಕೇರಿಗೆ ಹೋದೆವು. ಒಬ್ಬ ಅಜ್ಜಿ ಮಜ್ಜಿಗೆ ಕೊಟ್ಟು ಕೂರಿಸಿದರು. ಅವನನ್ನು ಮೇಲಿಂದ ಕೆಳಗೆ ನೋಡಿ, "ಇವ್ರು ಎಂತ ಕೆಲ್ಸ ಮಾಡ್ತಾರೆ?" ಎಂದು ಕೇಳಿದರು. ಅವನು ಬಾಯಿ ತೆರೆಯುವುದರೊಳಗೆ ನಾನೇ, "ಬೊಂಬಾಯಿಂದ ಬಂದವ್ರಮ್ಮ, ದೊಡ್ಡ ಕಲಾವಿದ್ರು" ಎಂದುಬಿಟ್ಟೆ. ಅಣೆಕಟ್ಟಿನವನು ಎಂದರೆ ಒಬ್ಬರೂ ಬರುವುದಿಲ್ಲ ಎಂಬುದು ನನ್ನ ಲೆಕ್ಕ. ವಾಪಸು ಬರುವಾಗ ಬಸ್ ನಿಲ್ದಾಣದಲ್ಲಿ ಅವನು, "ಸುಳ್ಳು ಹೇಳಿ ಬಾರ್ಸಿದ್ರೆ ಅವ್ರು ಕೇಳೋದು ನನ್ನನ್ನಲ್ಲ, ನಿಮ್ಮ ಬೊಂಬಾಯಿಯವನನ್ನ" ಎಂದ. ನನಗೆ ಸಿಟ್ಟು ಬಂತು. ಒಳ್ಳೆಯ ಕೆಲಸಕ್ಕೆ ಒಂದು ಸುಳ್ಳು ಹೇಳಿದರೆ ಏನು ಮುಳುಗಿಹೋಗುತ್ತದೆ ಎಂದು ರೇಗಿದೆ. ಹಾಗೆ ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅದಾದ ಎರಡು ದಿನಕ್ಕೆ ಅಂಗಡಿಗೆ ಬಂದು, "ಅವರಿಗೆಲ್ಲ ಗೊತ್ತಿರೋ ಒಂದು ಹಾಡು ಕಲಿಸಿ" ಎಂದು ಕೇಳಿದ. ನಾನು ಭಜನೆಯ ಕೊನೆಯ ಮಂಗಳವನ್ನು ಗುನುಗಿದೆ. ಅದನ್ನು ಯಾವಾಗ ಬಾರಿಸಬೇಕೆಂದು ಹೇಳಲಿಲ್ಲ. ಮಂಗಳ ಆಯಿತೆಂದರೆ ಕಾರ್ಯಕ್ರಮ ಮುಗಿಯಿತು, ಜನ ಎದ್ದು ಕೈಮುಗಿದು ಹೊರಡುತ್ತಾರೆ. ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತಿರುವ ಇದನ್ನು ಹೇಳಿಕೊಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಭಾನುವಾರ ಟೆಂಟು ತುಂಬಿತ್ತು. ಬೊಂಬಾಯಿಯವನನ್ನು ನೋಡಲು ಆ ಕೇರಿಯವರು ಮಕ್ಕಳುಮರಿ ಸಮೇತ ಬಂದು ಮುಂದುಗಡೆ ಚಾಪೆಯ ಮೇಲೆ ಕೂತಿದ್ದರು. ಪ್ರಾರ್ಥನೆ, ಸ್ವಾಗತ ಮುಗಿದವು. ಅವನು ಗಿಟಾರ್ ಹೆಗಲಿಗೆ ಹಾಕಿಕೊಂಡು ಮೈಕಿನ ಮುಂದೆ ನಿಂತ.

"ನಾನು ಬೊಂಬಾಯಿಯವನಲ್ಲ. ನಿಮ್ಮ ಊರು ಮುಳುಗಿಸಿದ ಅಣೆಕಟ್ಟಿಗೆ ಗೇಟು ಬೆಸೆದವನು. ಇದನ್ನ ಹೇಳದೆ ಬಾರ್ಸೋಕೆ ನನ್ನ ಕೈಲಿ ಆಗಲ್ಲ. ಕೇಳ್ತೀರೋ ಇಲ್ಲವೋ ನಿಮಗೆ ಬಿಟ್ಟಿದ್ದು."

ಯಾರೂ ಏಳಲಿಲ್ಲ. ಅದೇ ಅವನಿಗೆ ಧೈರ್ಯವಾಯಿತೋ ಏನೋ, ಅವರಿಗೆ ಗೌರವ ತೋರಿಸಬೇಕೆಂದು ಎಲ್ಲಕ್ಕಿಂತ ಮೊದಲು ಮಂಗಳವನ್ನೇ ಬಾರಿಸಿಬಿಟ್ಟ!

ಎಷ್ಟು ಚೆನ್ನಾಗಿ ಬಾರಿಸಿದನೆಂದರೆ, ಆ ತಂತಿಯಿಂದ ಅಂಥ ಭಕ್ತಿ ಹೊರಡಬಹುದೆಂದು ಅದಕ್ಕೆ ಆಂಪ್ಲಿಫೈಯರ್ ಜೋಡಿಸಿದ ನನಗೇ ಗೊತ್ತಿರಲಿಲ್ಲ. ಆದರೆ ಎರಡನೆಯ ಸಾಲಿಗೆ ಜನ ಎದ್ದು ನಿಂತರು. ಮುಗಿಯುವಷ್ಟರಲ್ಲಿ ಕೈಮುಗಿದರು. ಹೆಂಗಸರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡರು, ಗಂಡಸರು ಚಪ್ಪಲಿ ಹುಡುಕತೊಡಗಿದರು. ಅವನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ತನ್ನ ಮಾತು ಕೇಳಿಯೇ ಹೊರಟರು ಎಂದುಕೊಂಡ. ಗಿಟಾರಿನ ಪಟ್ಟಿ ಬಿಚ್ಚತೊಡಗಿದ.

ನಾನು ವೇದಿಕೆಗೆ ಓಡಿ, "ಮುಗಿದಿಲ್ಲ, ಕೂತ್ಕೊಳ್ಳಿ, ತಪ್ಪು ನಂದು" ಎಂದು ಮೈಕಿನಲ್ಲಿ ಕೂಗಿದೆ. ಒಬ್ಬರೂ ಕೂರಲಿಲ್ಲ. ಮಂಗಳ ಆದ ಮೇಲೆ ಕೂರುವುದು ಹೇಗೆ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಆ ಹೊತ್ತಿನಲ್ಲಿ ನನ್ನ ಮೇಲೆ ನನಗೇ ಬಂದ ಹೇಸಿಗೆ ಇನ್ನೂ ಹೋಗಿಲ್ಲ. ಒಂದು ಸುಳ್ಳು ಹೇಳಿದ್ದೂ ನಾನೇ, ಹೇಳಬೇಕಾದ ಒಂದು ಮಾತು ಹೇಳದೆ ಹೋದದ್ದೂ ನಾನೇ.

ಮಜ್ಜಿಗೆ ಕೊಟ್ಟಿದ್ದ ಅಜ್ಜಿ ಜನರ ನಡುವೆ ದಾರಿ ಮಾಡಿಕೊಂಡು ವೇದಿಕೆಯ ಹತ್ತಿರ ಬಂದರು.

"ಗೇಟು ಬೆಸೆದವ ನೀನೇಯಾ?"

"ಹೌದಮ್ಮ."

"ನಾವು ಊರು ಬಿಡೋ ದಿನ ಲಾರಿ ಕಾಯ್ತಿತ್ತು. ದೇವ್ರನ್ನ ಬುಟ್ಟೀಲಿ ಇಟ್ಕೊಂಡು ಹತ್ತಿದ್ವಿ. ಮಂಗಳ ಹೇಳಾಕೂ ಪುರ್ಸೊತ್ತು ಇರ್ಲಿಲ್ಲ. ಇವತ್ತು ಆಯ್ತು, ನಿನ್ನ ಕೈಲೇ ಆಯ್ತು." ಆಮೇಲೆ ಜನರ ಕಡೆ ತಿರುಗಿ ಗದರಿಸಿದರು: "ಮಂಗಳ ಆದ್ರೆ ಎಂತಾತು? ಮೊದ್ಲಿಂದ ಶುರು ಮಾಡಿದ್ರಾತು. ಕೂತ್ಕಳಿ ಎಲ್ಲ."

ಅಲ್ಲೇ ನಿಂತು ಗಣಪತಿಯ ಸ್ತುತಿ ಎತ್ತಿಕೊಂಡರು. ನಡುಗುವ ಆ ದನಿಯ ಶ್ರುತಿಯನ್ನು ಅವನು ತಂತಿಯ ಮೇಲೆ ತಡವರಿಸಿ ಹುಡುಕಿ ಹಿಡಿದ. ಹಾಡು ಮುಗಿಯುವ ಹೊತ್ತಿಗೆ ಟೆಂಟು ಪೂರ್ತಿ ಕೂತಿತ್ತು.

"ಈಗ ಏನು ಬಾರಿಸ್ಲಿ ಅಮ್ಮ?" ಎಂದು ಅವನು ಕೇಳಿದ.

ಅಜ್ಜಿ ಚಾಪೆಯ ಮೇಲೆ ಕಾಲು ನೀಡಿ ಕೂತರು. "ನಿಂದೇ ಬಾರ್ಸು ಮಾರಾಯ. ಜೋರಾಗಿ ಬಾರ್ಸು."