ಅಕ್ಕ ಹಚ್ಚಿದ ದಾಸಾಳ

ಮಗ್ಗಿ ಬಾಯಿಗೆ ಬರುವ ಮೊದಲೇ ಸಾಲಿ ಬಿಟ್ಟವಳು ನಾನು. ಸುತ್ತಿ ಬಳಸಿ ಬರೆಯಲು ಬಾರದು. ನಮ್ಮ ಅಕ್ಕನ ಕೈಗುಣಕ್ಕೆ ಕೆಟ್ಟ ಹೆಸರು ತಂದವಳು ನಾನೇ.

ಸವಣೂರಿನ ಹತ್ತಿರ ನಮ್ಮೂರು. ಅಲ್ಲಿ ಗಿಡ ಹಚ್ಚುವುದಕ್ಕೆ ಕೈಗುಣ ನೋಡುತ್ತಿದ್ದರು. ಮೆಣಸಿನ ಹೊಲದ ಮೊದಲ ಸಸಿಗೆ ಪ್ರತಿವರ್ಷ ಅಕ್ಕನ ಕೈಯೇ ಬೇಕು. ಅವಳು ಹಚ್ಚಿದರೆ ಹೊಲವೆಲ್ಲ ಚಿಗುರುತ್ತದೆಂದು ಅಪ್ಪನ ನಂಬಿಕೆ. ಹಚ್ಚಿದವರಿಗೆ ಒಂದು ಚೂರು ಬೆಲ್ಲ. ಲಡಾಯಿಯ ಕಾಲ, ಸಕ್ಕರೆಯೇ ಸಿಗುತ್ತಿರಲಿಲ್ಲ, ಬೆಲ್ಲವೆಂದರೆ ಹಬ್ಬ.

ಆ ವರ್ಷ ಮೊದಲ ಮಳೆಗೆ, ಸವಣೂರಿನಲ್ಲಿ ಖಾರಾ-ಚುರುಮುರಿ ಮಾರುವ ಚಾಚಿ ತಮ್ಮ ಅಂಗಳದ ಕೆಂಪು ದಾಸಾಳದ ಟೊಂಗೆ ತಂದುಕೊಟ್ಟರು. "ಬ್ಯಾಸಗ್ಯಾಗೂ ಹಸರ ಇರ್ತೈತಿ, ವರ್ಷಪೂರ್ತಿ ಹೂ ಬಿಡ್ತೈತಿ" ಎಂದರು. ಅಕ್ಕ ಅದನ್ನು ಬಚ್ಚಲ ನೀರು ಹರಿಯುವಲ್ಲಿ ಹಚ್ಚಿದಳು. ಬೇರು ಬಿಟ್ಟಿತೋ ಇಲ್ಲವೋ ನೋಡುವ ಆತುರ ನನಗೆ. ದಿನಾ ಬೆಳಿಗ್ಗೆ ಕಿತ್ತು ನೋಡಿ, ಮತ್ತೆ ಊರಿ, ಮಣ್ಣು ಒತ್ತುತ್ತಿದ್ದೆ. ಟೊಂಗೆ ಒಣಗಿತು. ಎರಡನೆಯದಕ್ಕೂ ಅದೇ ಗತಿ.

"ಇಕಿ ಕೈಗುಣ ಹ್ವಾತು ನೋಡ್ರಿ" ಎಂದು ಅವ್ವ ಅಪ್ಪನಿಗೆ ಹೇಳಿದಳು.

ಸರಿ, ಮೊದಲ ಸಸಿಗೆ ನನ್ನನ್ನು ಕರೆದರು. ಅಕ್ಕ ನೀರಿನ ಕೊಡ ಹಿಡಿದು ಬದುವಿನ ಮೇಲೆ ನಿಂತಳು. ನಾನು ಬೆಲ್ಲ ತಿನ್ನಲು ಮಾತ್ರ ಬಾಯಿ ತೆರೆದೆ.

ಚಾಚಿ ಮತ್ತೊಂದು ಟೊಂಗೆ ತಂದಾಗ ಅಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ನಾ ಒಲ್ಲೆರಿ ಚಾಚಿ. ನನ್ನ ಕೈಯಾಗ ಸಾಯ್ತೈತಿ."

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಅಕ್ಕಂದೇನ ತಪ್ಪಿಲ್ಲ. ನಾನ ದಿನಾ ಕಿತ್ತ ನೋಡ್ತಿದ್ನಿ!" ಎಂದು ಅತ್ತುಬಿಟ್ಟೆ.

ಚಾಚಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹುಚ್ಚಿ! ನೀ ಉದ್ದ ಆಗಾಕತ್ತೀಯೋ ಇಲ್ಲೋ ಅಂತ ದಿನಾ ನಿನ್ನ ಕುತ್ತಿಗಿ ಹಿಡಿದು ಜಗ್ಗಿ ನೋಡ್ತೇವೇನ?" ಅವ್ವ ಕಸಬರಿಗೆ ಹುಡುಕುವಷ್ಟರಲ್ಲಿ ನಾನು ಚಾಚಿಯ ಬೆನ್ನ ಹಿಂದೆ ಸೇರಿದ್ದೆ.

ಅಕ್ಕ ಟೊಂಗೆ ಹಚ್ಚಿ ಸುತ್ತಲೂ ಜಾಲಿಮುಳ್ಳು ಕಟ್ಟಿದಳು.

"ಆಡು ಬರ್ತಾವೇನವ್ವಾ?" ಎಂದು ಅಪ್ಪ ಕೇಳಿದ.

"ಆಡಿಗೆ ಅಲ್ಲಪ್ಪಾ, ತಂಗಿಗೆ!"

ಗಿಡ ಕಿಟಕಿಯ ಎತ್ತರ ಬೆಳೆಯಿತು. ಬೆಳಗಾದರೆ ಪೂಜೆಯ ಹೂವಿಗೆ ಓಣಿಯವರೆಲ್ಲ ನಮ್ಮ ಅಂಗಳದಲ್ಲಿ.

ಮುಂದಿನ ವರ್ಷ ಮೊದಲ ಸಸಿ ಮತ್ತೆ ಅಕ್ಕನದು. ಬೆಲ್ಲ ಕೈಗೆ ಬಂದದ್ದೇ ತಡ, ಎಂಜಲಾಗದಂತೆ ಸೆರಗಿನಲ್ಲಿ ಸುತ್ತಿ, ಹಲ್ಲಿನಿಂದ ಕಡಿದು, ಅರ್ಧ ನನ್ನ ಬಾಯಿಗಿಟ್ಟಳು. ಹಿಂದಿನ ವರ್ಷ ಅವಳು ಬದುವಿನ ಮೇಲೆ ನಿಂತಿದ್ದಾಗ ನನಗೆ ಅಷ್ಟೂ ಹೊಳೆದಿರಲಿಲ್ಲ.